ಕೃತಕ ಚರ್ಮ ಯಾವುದರದ್ದು, ಕನ್ನಡದಲ್ಲಿ ಹೇಳಿ

ಮಾನ್ಯ ಸಂಪಾದಕರಿಗೆ,
ವಂದನೆಗಳು.

ಈಚೆಗೆ ಪೇಪರಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಸುಟ್ಟಗಾಯಕ್ಕೆ ಹಾಕುವ ‘ಕೃತಕ ಚರ್ಮ’ದ ಮಾತು ಜಾಸ್ತಿ ಓಡಾಡುತ್ತಿದೆ. ಸುಟ್ಟಗಾಯದ ವಾರ್ಡಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು ನಾನು. ಈ ವಿಷಯದಲ್ಲಿ ನನ್ನದೊಂದು ತಕರಾರಿದೆ: ಅದು ಯಾವುದರಿಂದ ಮಾಡಿದ್ದು ಎಂದು ಮನೆಯವರಿಗೆ ಕನ್ನಡದಲ್ಲಿ ಹೇಳುವುದಿಲ್ಲ.

ಒಂದು ಸಲ ಎಂಟು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಸ್ನಾನಕ್ಕೆ ಕಾಯಿಸಿದ್ದ ನೀರು ಬಿದ್ದು ಎದೆ, ತೋಳು ಬೆಂದಿತ್ತು. ಗಾಯ ತೊಳೆದು, ಪ್ರಾಣಿಯ ಚರ್ಮದಂಥ ಭಾಗಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಶೀಟ್ ಹಾಕಿದೆವು. ಅದು ಹಪ್ಪಳದ ಹಾಗೆ ಒಣಗಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಕೆಳಗೆ ಹೊಸ ಚರ್ಮ ಬಂದಂತೆ ತಾನೇ ಎದ್ದು ಬರುತ್ತದೆ. ದಿನಾ ಡ್ರೆಸ್ಸಿಂಗ್ ಬಿಚ್ಚುವಾಗಿನ ಚೀರಾಟ ತಪ್ಪಿತು. ಹತ್ತನೇ ದಿನ, ಕಾಲೇಜಿಗೆ ಹೋಗುವ ಅವಳ ಚಿಕ್ಕಪ್ಪ ಖಾಲಿ ಪೊಟ್ಟಣದ ಮೇಲಿನ ಇಂಗ್ಲಿಷ್ ಓದಿ, ‘ಬೋವೈನ್’ ಅಂದರೆ ದನದ್ದು ಎಂದು ಮನೆಯವರಿಗೆ ಹೇಳಿದ. ಅಜ್ಜಿ ಗಲಾಟೆ ಮಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ಮಗು ಹುಷಾರಾಯ್ತಲ್ಲ, ಅಷ್ಟು ಸಾಕು ಸಿಸ್ಟರ್. ಆದ್ರೆ ಮೊದ್ಲೇ ಹೇಳ್ಬಹುದಿತ್ತು ಅಲ್ವಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಮಗುವಿನ ಅಪ್ಪನಿಂದ ನಾವು ಸಹಿ ಹಾಕಿಸಿಕೊಂಡ ಕಾಗದವೂ ಇಂಗ್ಲಿಷಿನಲ್ಲೇ ಇತ್ತು.

ಆ ಶೀಟು ಬರೀ ಹೊದಿಕೆ. ಚರ್ಮದ ಒಳಪದರವೂ ಸುಟ್ಟು ಹೋದಾಗ ಹೊದಿಕೆ ಸಾಲದು, ಒಳಗೇ ಒಂದು ಆಸರೆ ಬೇಕು. ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಅಯೋನಿಸ್ ಯಾನಸ್ ಮತ್ತು ಬಾಸ್ಟನ್ನಿನ ಸರ್ಜನ್ ಜಾನ್ ಬರ್ಕ್. ದನದ ಕೊಲಾಜೆನ್ನಿಗೆ ಶಾರ್ಕ್ ಮೀನಿನ ಮೆದುಮೂಳೆಯಿಂದ ತೆಗೆದ ಒಂದು ವಸ್ತು ಸೇರಿಸಿ ಸ್ಪಂಜಿನಂಥ ಪದರ ಮಾಡಿದರು. ಮೇಲೆ ಸಿಲಿಕೋನ್ ಹಾಳೆ. 1981ರಲ್ಲಿ, ಹತ್ತು ರೋಗಿಗಳ ಮೇಲೆ ಅದನ್ನು ಬಳಸಿದ ಫಲಿತಾಂಶ ಪ್ರಕಟಿಸಿದರು. ‘ಇಂಟೆಗ್ರಾ’ ಎಂಬ ಹೆಸರಿನಲ್ಲಿ 1996ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಮನೆಯವರಿಗೆ ನಾನು ಇದನ್ನು ಹೀರೆಬಳ್ಳಿಯ ಚಪ್ಪರ ಅಂತ ಹೇಳುತ್ತಿದ್ದೆ. ಸ್ಪಂಜಿನ ಸಣ್ಣ ತೂತುಗಳೊಳಗೆ ರೋಗಿಯದೇ ಜೀವಕೋಶಗಳು, ರಕ್ತನಾಳಗಳು ಹಬ್ಬುತ್ತವೆ. ತೂತುಗಳು ಹೆಚ್ಚುಕಡಿಮೆ ಕೂದಲೆಳೆಯ ದಪ್ಪದಷ್ಟಿರಬೇಕು. ಬಳ್ಳಿ ಹಬ್ಬುತ್ತಾ ಹೋದಂತೆ ಚಪ್ಪರ ಕರಗಬೇಕು. ಈ ಕರಗುವ ಲೆಕ್ಕವೇ ಕಷ್ಟದ ಕೆಲಸ. ಬೇಗ ಕರಗಿದರೆ ಬಳ್ಳಿ ನೆಲಕ್ಕೆ ಬಿತ್ತು, ಗಾಯ ಮುದುಡಿ ಚರ್ಮ ಎಳೆದುಕೊಳ್ಳುತ್ತದೆ. ತಡವಾದರೆ ದೇಹ ಅದನ್ನು ಹೊರಗಿನ ವಸ್ತು ಎಂದುಕೊಂಡು ಸುತ್ತ ಗಟ್ಟಿ ಕಲೆ ಕಟ್ಟುತ್ತದೆ. ಅದಕ್ಕೇ ಕೊಲಾಜೆನ್ ಎಳೆಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಬಿಗಿದು, ವಾರಗಳ ಲೆಕ್ಕದಲ್ಲಿ ಕರಗುವಂತೆ ಹದ ಮಾಡುತ್ತಾರೆ.

ಎರಡು ಮೂರು ವಾರದ ಮೇಲೆ ಸಿಲಿಕೋನ್ ಹಾಳೆ ತೆಗೆದು, ರೋಗಿಯ ತೊಡೆಯಿಂದ ತೆಳ್ಳಗೆ ಹೆರೆದ ಚರ್ಮವನ್ನು ಅಲ್ಲಿ ಕೂರಿಸುತ್ತಾರೆ. ಅಂದರೆ ಕಸಿ ತಪ್ಪುವುದಿಲ್ಲ! ಹೊಸ ಚರ್ಮದಲ್ಲಿ ಕೂದಲು ಬರುವುದಿಲ್ಲ, ಬೆವರಿನ ಗ್ರಂಥಿಯೂ ಇರುವುದಿಲ್ಲ. ಬೆನ್ನು ಪೂರ್ತಿ ಸುಟ್ಟವರಿಗೆ ಏಪ್ರಿಲ್, ಮೇ ತಿಂಗಳು ಕಳೆಯುವುದು ಎಷ್ಟು ಕಷ್ಟ ಎಂದು ಯಾವ ವಾಟ್ಸ್ಆ್ಯಪ್ ಮೆಸೇಜೂ ಹೇಳುವುದಿಲ್ಲ. ‘ಕೃತಕ ಚರ್ಮ’ ಎಂಬ ಹೆಸರಿನ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಮನೆಯವರು ಹೊಸ ಅಂಗಿ ತೊಡಿಸಿದ ಹಾಗೆ ಅಂದುಕೊಂಡಿರುತ್ತಾರೆ.

ನಮ್ಮ ದೇಶದಲ್ಲೂ ಒಳ್ಳೆಯ ಕೆಲಸ ಆಗಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಜಾಲರಿಯಿಂದ ‘ಕೋಲಿಡರ್ಮ್’ ಎಂಬ ಪದರ ಮಾಡಿದ್ದಾರೆ. 2023ರಲ್ಲಿ ಅದಕ್ಕೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಚಿಕಿತ್ಸೆಯ ಖರ್ಚು 10,000 ರೂಪಾಯಿಯಿಂದ 2,000ಕ್ಕೆ ಇಳಿಯಬಹುದು ಎಂದು ಆಗ ಹೇಳಿದ್ದರು. ಇಳಿದರೆ ಬಡವರಿಗೆ ದೊಡ್ಡ ಉಪಕಾರ.

ಆದರೆ ದನದ್ದು ಅಂದರೆ ಒಂದು ಮನೆಯವರಿಗೆ ಕಸಿವಿಸಿ, ಹಂದಿಯದ್ದು ಅಂದರೆ ಇನ್ನೊಂದು ಮನೆಯವರಿಗೆ. ‘ಹಾಗಾದರೆ ನಮ್ಮ ರೇಷ್ಮೆ ಇದೆಯಲ್ಲ’ ಎಂದು ಯಾರಾದರೂ ಹೇಳಬಹುದು. ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು, ಹಾಗಾಗಿ ನನಗೂ ಆಸೆಯೇ. ಗೂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟು ಕಳೆದು, ಉಳಿದ ಫೈಬ್ರೋಯಿನ್ ಎಳೆಯನ್ನು ಕರಗಿಸಿ ಸ್ಪಂಜು, ಹಾಳೆ ಮಾಡುತ್ತಾರೆ. ಬೆಂಗಳೂರಿನಲ್ಲೇ ರೇಷ್ಮೆ ಪ್ರೋಟೀನಿನ ಡ್ರೆಸ್ಸಿಂಗ್ ತಯಾರಾಗುತ್ತಿದೆ. ಆದರೆ ರೇಷ್ಮೆ ಕರಗುವುದು ಬಲು ನಿಧಾನ. ಹೊಲಿಗೆಗೆ ಬಳಸುವ ರೇಷ್ಮೆ ದಾರ ಇವತ್ತಿಗೂ ‘ಕರಗದ ದಾರ’ದ ಪಟ್ಟಿಯಲ್ಲೇ ಇದೆ. ಚರ್ಮಕ್ಕೆ ಬೇಕಾದ ಹದಕ್ಕೆ ಅದನ್ನು ತರಬೇಕು. ಇನ್ನು ಗೂಡಿನ ಒಳಗೆ ಜೀವಂತ ಹುಳು ಇರುತ್ತದೆ, ಅದನ್ನು ಸಾಯಿಸಿಯೇ ನೂಲು ತೆಗೆಯುವುದು. ರೇಷ್ಮೆ ಸೀರೆಯನ್ನೇ ಉಡದ ಜೈನ ಅಮ್ಮಂದಿರನ್ನು ನಾನು ನೋಡಿದ್ದೇನೆ. ಅವರಿಗೂ ಹೇಳಬೇಡವೇ?

ತುರ್ತಿನಲ್ಲಿ ಇದನ್ನೆಲ್ಲ ಹೇಳಲು ಪುರುಸೊತ್ತೆಲ್ಲಿ ಎಂದು ಡಾಕ್ಟರುಗಳು ಕೇಳಬಹುದು. ಮೊದಲ ದಿನ ಇರಲಿಕ್ಕಿಲ್ಲ, ಒಪ್ಪುತ್ತೇನೆ. ಆಗ ಡ್ರಿಪ್, ನೋವಿನ ಇಂಜೆಕ್ಷನ್ ಮುಖ್ಯ. ಆದರೆ ಈ ಚಪ್ಪರದ ಪದರ ಹಾಕುವುದು ಸತ್ತ ಚರ್ಮವನ್ನು ಆಪರೇಷನ್ ಮಾಡಿ ತೆಗೆದ ಮೇಲೆ. ಆ ಹೊತ್ತಿಗೆ ಒಂದು ಹಾಳೆ ಓದಿ ಹೇಳುವಷ್ಟು ಸಮಯ ಸಾಮಾನ್ಯವಾಗಿ ಸಿಗುತ್ತದೆ. ಹೇಳಿದರೆ ಬೇಡ ಅಂದುಬಿಡುತ್ತಾರೆ ಎಂಬ ಭಯ ಕೆಲವರಿಗಿದೆ. ನನ್ನ ಅನುಭವದಲ್ಲಿ, ಮಗುವಿನ ಜೀವ ಮುಂದಿರುವಾಗ ಒಪ್ಪುವವರೇ ಜಾಸ್ತಿ. ಬೇಡ ಅಂದವರಿಗೆ ಬೇರೆ ದಾರಿ ಹುಡುಕಬಹುದು.

ಆರೋಗ್ಯ ಇಲಾಖೆಗೆ ನನ್ನ ಮನವಿ ಇಷ್ಟೇ. ಇಂಥ ಪದರ ಬಳಸುವ ಆಸ್ಪತ್ರೆಗಳಲ್ಲಿ ಒಂದೇ ಒಂದು ಹಾಳೆ ಇರಲಿ. ಇದು ಯಾವ ಪ್ರಾಣಿಯದ್ದು, ಎಷ್ಟು ದಿನಕ್ಕೆ ಕರಗುತ್ತದೆ, ಆಮೇಲೆ ಕಸಿ ಬೇಕೇ, ಖರ್ಚೆಷ್ಟು, ವಾಸಿಯಾದ ಚರ್ಮ ಹೇಗಿರುತ್ತದೆ ಎನ್ನುವುದನ್ನು ದೊಡ್ಡ ಅಕ್ಷರದ ಸರಳ ಕನ್ನಡದಲ್ಲಿ ಬರೆಯಿರಿ. ಓದು ಬಾರದವರಿಗೆ ನರ್ಸ್ ಓದಿ ಹೇಳುತ್ತಾಳೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಾದರೆ ಅದೇ ಹಾಳೆ ತೆಲುಗಿನಲ್ಲೂ ಉರ್ದುವಿನಲ್ಲೂ ಬೇಕು.

ಇಂತಿ ತಮ್ಮ ಓದುಗಾರ್ತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್, ಶಿಡ್ಲಘಟ್ಟ