ಸಣ್ಣ ತೋಟಾಕ್ಕೆ ಗುಂಡು ಮೊದಲು, ಮದ್ದು ಆಮೇಲೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಕನ್ನಡಿಗರ ಹವ್ಯಾಸಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ, ರೈಫಲ್ ತೋಟಾಗಳನ್ನು ತಾವೇ ತುಂಬಿಕೊಳ್ಳುವವರ ಪ್ರಸ್ತಾಪವೂ ಇತ್ತು. ಹೊಲ ಕೆಡಿಸುವ ಸಣ್ಣ ಪ್ರಾಣಿಗಳಿಗೆ ಆದಷ್ಟು ಹಗುರ ಗುಂಡು ಹಾಕಿ, ಕೇಸ್ (ತೋಟಾದ ಹಿತ್ತಾಳೆ ಕೋಶ) ತುಂಬ ಮದ್ದು ಸುರಿದರೆ ಕೆಲಸ ಮುಗಿಯಿತು ಎನ್ನುವ ಧಾಟಿ ಅದರಲ್ಲಿತ್ತು. ಇದು ಅರ್ಧ ತಪ್ಪು, ಉಳಿದರ್ಧ ಅಪಾಯ. .22 ಹಾರ್ನೆಟ್ ಎಂಬ ಒಂದೇ ತೋಟಾವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಇಲ್ಲಿ ನೆಲ ಅಳಿಲು, ವುಡ್‌ಚಕ್, ಪ್ರೇರಿ ಡಾಗ್‌ಗಳಿಗೆ ಇಂದಿಗೂ ಬಳಕೆಯಲ್ಲಿರುವ ತೋಟಾ ಇದು. ಶಬ್ದ ಕಡಿಮೆ, ಒದೆತ ಇಲ್ಲವೆಂದೇ ಹೇಳಬೇಕು. ಅದಕ್ಕೇ ಮನೆಗಳು ಹತ್ತಿರವಿರುವ ತೋಟಗಳಲ್ಲಿ ಇದಕ್ಕೆ ಬೆಲೆ.

ಹಾರ್ನೆಟ್‌ನ ಮೂಲ 1880ರ ದಶಕದ ಒಂದು ಕಪ್ಪುಮದ್ದಿನ ವಿಂಚೆಸ್ಟರ್ ತೋಟಾ. 1920ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಸುತ್ತಮುತ್ತಲಿನ ಉತ್ಸಾಹಿಗಳು ಅದಕ್ಕೆ ಹೊಗೆರಹಿತ ಮದ್ದು ತುಂಬಿ ನೋಡಿದರು, 1930ರ ಹೊತ್ತಿಗೆ ವಿಂಚೆಸ್ಟರ್ ತೋಟಾವನ್ನು ಮಾರುಕಟ್ಟೆಗೆ ತಂದಿತು. ಈ ಹಳೆಯ ಸಂಬಂಧ ಇವತ್ತಿಗೂ ಕಾಡುತ್ತದೆ: ಕೇಸಿನ ಗೋಡೆ ಕಾಗದದಂತೆ ತೆಳು, ಹೆಗಲು (ಕೇಸು ಕಿರಿದಾಗುತ್ತ ಗುಂಡು ಹಿಡಿಯುವ ಕುತ್ತಿಗೆಗೆ ಸೇರುವ ಭಾಗ) ಉದ್ದಕ್ಕೆ ಇಳಿಜಾರು, ಒಳಗಿನ ಜಾಗ ತೀರಾ ಕಡಿಮೆ. ದೊಡ್ಡ ತೋಟಾ ತುಂಬಿ ಪಳಗಿದ ಕೈಯೇ ಇಲ್ಲಿ ಹೆಚ್ಚು ಎಡವುತ್ತದೆ.

ಮೊದಲು ಗುಂಡು. ಆಯ್ಕೆ ಶುರುವಾಗಬೇಕಾದದ್ದು ಅಂಗಡಿಯ ಕಪಾಟಿನಿಂದಲ್ಲ, ನಿಮ್ಮ ಬ್ಯಾರೆಲ್‌ನಿಂದ. ಹಾರ್ನೆಟ್ ರೈಫಲ್‌ಗಳಲ್ಲಿ ಬಹುಪಾಲಿನವಕ್ಕೆ 16 ಇಂಚಿಗೆ ಒಂದು ಸುತ್ತಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರು) ಇರುತ್ತದೆ. ಇಷ್ಟು ನಿಧಾನ ಸುತ್ತು ಉದ್ದದ ಗುಂಡನ್ನು ನೆಟ್ಟಗೆ ಹಿಡಿದಿಡಲಾರದು. ಗಮನಿಸಿ, ಇಲ್ಲಿ ಲೆಕ್ಕಕ್ಕೆ ಬರುವುದು ಗುಂಡಿನ ಉದ್ದ, ತೂಕವಲ್ಲ. 1879ರಲ್ಲಿ ಆಲ್‌ಫ್ರೆಡ್ ಗ್ರೀನ್‌ಹಿಲ್ ಕೊಟ್ಟ ಸೂತ್ರ ಇಂದಿಗೂ ಒರಟು ಅಂದಾಜಿಗೆ ಸಾಕು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಸುತ್ತಿನ ಇಂಚುಗಳಿಂದ ಭಾಗಿಸಿ. 0.224 ಇಂಚಿನ ಗುಂಡಿಗೆ, 16 ಇಂಚಿನ ಸುತ್ತಿಗೆ ಬರುವ ಉತ್ತರ ಸುಮಾರು 0.47 ಇಂಚು, ಅಂದರೆ 12 ಮಿಲಿಮೀಟರ್. ಸೂತ್ರ ಸ್ವಲ್ಪ ಬಿಗಿಯಾಗಿಯೇ ಹೇಳುತ್ತದೆ. ಪ್ಲಾಸ್ಟಿಕ್ ಮೂತಿಗೆ ತೂಕವೇ ಇಲ್ಲದ್ದರಿಂದ ಅದರ ಉದ್ದವನ್ನು ಪೂರ್ತಿ ಹಿಡಿಯಬೇಕಾಗಿಲ್ಲ. ಆದರೂ ದಾರಿ ಸ್ಪಷ್ಟ: 35, 40, 45 ಗ್ರೇನ್‌ನ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಚಪ್ಪಟೆ ತಳದ ಗುಂಡುಗಳು ಹಾರ್ನೆಟ್‌ನವು. 50 ಗ್ರೇನ್ ಕೆಲವು ಬ್ಯಾರೆಲ್‌ಗಳಲ್ಲಿ ಕೂತೀತು. .223 ರೆಮಿಂಗ್ಟನ್ ತೋಟಾಕ್ಕೆಂದು ತಂದಿಟ್ಟ 55 ಗ್ರೇನ್‌ನ ದೋಣಿತಳದ (ಹಿಂಭಾಗ ಕಿರಿದಾದ) ಗುಂಡನ್ನು ಇದಕ್ಕೆ ಹಾಕಿದರೆ ಗುರಿಹಲಗೆಯ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಕಾಣುತ್ತದೆ. ಗುಂಡು ಅಡ್ಡಡ್ಡ ಉರುಳಿಕೊಂಡು ಬಂದಿದೆ ಎಂದರ್ಥ. ಆ ಸೀಳು ಕಂಡ ಮೇಲೆ ಮದ್ದು ಹೆಚ್ಚಿಸಿ ಸರಿಪಡಿಸಲು ಹೋಗಬೇಡಿ. ವೇಗದಿಂದ ಸಿಗುವ ಲಾಭ ಅತ್ಯಲ್ಪ, ಗುಂಡನ್ನೇ ಬದಲಿಸಬೇಕು.

ಎರಡನೆಯದು ವ್ಯಾಸ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾರ್ನೆಟ್ ಬ್ಯಾರೆಲ್‌ಗಳಲ್ಲಿ ಎಷ್ಟೋ 0.223 ಇಂಚಿನವು, ಈಗಿನವು 0.224. ಹಳೆಯ ರೈಫಲ್ ಕೈಗೆ ಬಂದಿದ್ದರೆ ಮೆತ್ತನೆಯ ಸೀಸದ ತುಂಡಿಗೆ ಎಣ್ಣೆ ಸವರಿ, ಕೋಲಿನಿಂದ ಬ್ಯಾರೆಲ್‌ನ ಉದ್ದಕ್ಕೂ ತಳ್ಳಿ, ಹೊರಬಂದ ತುಂಡನ್ನು ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ಸಿಯೆರಾ ಕಂಪನಿ ಹಾರ್ನೆಟ್ ಗುಂಡುಗಳನ್ನು ಎರಡೂ ವ್ಯಾಸದಲ್ಲಿ ಮಾಡಿದ್ದು ಈ ಕಾರಣಕ್ಕೇ.

ಮೂರನೆಯದು ಗುಂಡಿನ ತಾಮ್ರದ ಕವಚ. .22-250ಯಂಥ ವೇಗದ ತೋಟಾಗಳಿಗೆ ಮಾಡಿದ ಗುಂಡಿನ ಕವಚ ದಪ್ಪ. ಸೆಕೆಂಡಿಗೆ 3,600 ಅಡಿಯಲ್ಲಿ ಹೋದರೂ ಗಾಳಿಯಲ್ಲೇ ಚೂರಾಗಬಾರದಲ್ಲ. ಹಾರ್ನೆಟ್‌ನ ವೇಗಕ್ಕೆ, ಅದರಲ್ಲೂ 150 ಗಜ ದಾಟಿದ ಮೇಲೆ, ಅದು ಅರಳುವುದೇ ಇಲ್ಲ. ಸಣ್ಣ ತೂತು ಕೊರೆದು ಆಚೆ ಹೋಗುತ್ತದೆ. ಪ್ರಾಣಿ ಗಾಯಗೊಂಡು ಬಿಲ ಸೇರುತ್ತದೆ, ಗುಂಡು ನೆಲಕ್ಕೆ ಬಡಿದು ಇನ್ನೆಲ್ಲಿಗೋ ಪುಟಿಯುತ್ತದೆ. ಅದಕ್ಕೇ ಪೆಟ್ಟಿಗೆಯ ಮೇಲೆ ಹಾರ್ನೆಟ್ ಎಂದು ಬರೆದ 45 ಗ್ರೇನ್ ಸಾಫ್ಟ್ ಪಾಯಿಂಟ್ (ಮೂತಿಯಲ್ಲಿ ಸೀಸ ತೆರೆದಿರುವ ಗುಂಡು), ಅಥವಾ ಹಾರ್ನಡಿ ಕಂಪನಿಯ ವಿ-ಮ್ಯಾಕ್ಸ್‌ನಂಥ ತೆಳುಕವಚದ ಗುಂಡನ್ನೇ ಆರಿಸಬೇಕು.

ಹಗುರವಾದಷ್ಟೂ ಒಳ್ಳೆಯದು ಎಂಬ ಮಾತಿಗೆ ಈಗ ಬರೋಣ. ಹಾರ್ನಡಿಯ 35 ಗ್ರೇನ್ ವಿ-ಮ್ಯಾಕ್ಸ್ ಕಾರ್ಖಾನೆಯ ತೋಟಾದಲ್ಲಿ ಸೆಕೆಂಡಿಗೆ 3,100 ಅಡಿಯಿಂದ ಹೊರಡುತ್ತದೆ. ಕೇಳಲು ಚಂದ. ಆದರೆ ಅದರ ಬ್ಯಾಲಿಸ್ಟಿಕ್ ಗುಣಾಂಕ (ಗಾಳಿಯ ತಡೆಯನ್ನು ಗುಂಡು ಎಷ್ಟು ಮೀರುತ್ತದೆ ಎಂಬ ಅಳತೆ) 0.109 ಮಾತ್ರ; 200 ಗಜ ಮುಟ್ಟುವಾಗ ವೇಗ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಅದೇ ಕಂಪನಿಯ 40 ಗ್ರೇನ್ ವಿ-ಮ್ಯಾಕ್ಸ್‌ನ ಗುಣಾಂಕ 0.200. ಅದು 2,800 ಅಡಿಯಿಂದ ಹೊರಟರೂ 200 ಗಜದಲ್ಲಿ ಸುಮಾರು 2,000 ಅಡಿ ಉಳಿಸಿಕೊಂಡಿರುತ್ತದೆ, ಅಡ್ಡಗಾಳಿಗೆ ಕಡಿಮೆ ಜಾರುತ್ತದೆ. ನೂರು ಗಜದೊಳಗಿನ ತೋಟಕ್ಕೆ 35, ಬಯಲಿಗೆ 40 ಎನ್ನುವುದು ನನ್ನ ತೀರ್ಮಾನ. ಒಂದು ತೊಡಕಿದೆ: 40ರ ಮೂತಿ ಉದ್ದ. ತೋಟಾದ ಒಟ್ಟು ಉದ್ದಕ್ಕೆ ನಿಗದಿಯಾದ ಮಿತಿ 1.723 ಇಂಚು, ಮ್ಯಾಗಜೀನ್‌ಗಳನ್ನು ಆ ಅಳತೆ ನೋಡಿಯೇ ಮಾಡಿರುತ್ತಾರೆ. ಹಾಗಾಗಿ ಗುಂಡನ್ನು ಕೇಸಿನೊಳಗೆ ಆಳಕ್ಕೆ ಕೂರಿಸಬೇಕಾಗುತ್ತದೆ. ಮೊದಲೇ ಇಲ್ಲದ ಜಾಗ ಇನ್ನಷ್ಟು ಕುಗ್ಗುತ್ತದೆ, ಒತ್ತಡ ಏರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಕಟ್ಟುಪಾಡು. 2013ರಲ್ಲಿ ಅಂಗೀಕಾರವಾದ ಎಬಿ 711 ಕಾನೂನು 2019ರ ಜುಲೈ 1ರಿಂದ ಪೂರ್ತಿ ಜಾರಿಯಲ್ಲಿದೆ. ಬಂದೂಕಿನಿಂದ ಯಾವ ವನ್ಯಪ್ರಾಣಿಯನ್ನು ಹೊಡೆಯುವುದಕ್ಕೂ, ನೆಲ ಅಳಿಲಿಗೂ ಸೇರಿ, ಸೀಸದ ಗುಂಡು ಬಳಸುವಂತಿಲ್ಲ. ಸತ್ತ ಪ್ರಾಣಿಯನ್ನು ತಿನ್ನುವ ಕಾಂಡೋರ್ ಹದ್ದುಗಳ ಹೊಟ್ಟೆಗೆ ಸೀಸದ ಚೂರು ಹೋಗುತ್ತಿದ್ದುದೇ ಇದರ ಹಿನ್ನೆಲೆ. ಬದಲಿಗೆ ಹಾರ್ನಡಿಯ 35 ಗ್ರೇನ್ ಎನ್‌ಟಿಎಕ್ಸ್, ನಾಸ್ಲರ್‌ನ 35 ಗ್ರೇನ್ ಸೀಸರಹಿತ ಬ್ಯಾಲಿಸ್ಟಿಕ್ ಟಿಪ್, ಬಾರ್ನ್ಸ್‌ನ 36 ಗ್ರೇನ್ ವಾರ್ಮಿಂಟ್ ಗ್ರೆನೇಡ್ ಇವೆ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಅಂದರೆ ಅದೇ ತೂಕಕ್ಕೆ ಸೀಸರಹಿತ ಗುಂಡು ಹೆಚ್ಚು ಉದ್ದ. ಸುತ್ತಿನ ಲೆಕ್ಕವನ್ನೂ ಕೇಸಿನೊಳಗಿನ ಜಾಗದ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. 35 ಗ್ರೇನ್ ಸೀಸದ ಗುಂಡಿಗೆ ಕೊಟ್ಟ ಮದ್ದಿನ ಅಳತೆಯನ್ನು 35 ಗ್ರೇನ್ ತಾಮ್ರದ ಗುಂಡಿಗೆ ಎತ್ತಿಕೊಳ್ಳುವಂತೆಯೇ ಇಲ್ಲ.

ಇನ್ನು ಮದ್ದು. ಇಷ್ಟು ಚಿಕ್ಕ ಕೇಸಿಗೆ ಬೇಗ ಉರಿಯುವ ಮದ್ದೇ ಬೇಕು. ಮ್ಯಾಗ್ನಮ್ ರಿವಾಲ್ವರ್‌ಗಳಿಗೂ ಇಲ್ಲಿಗೂ ಬಹುತೇಕ ಒಂದೇ ಸಾಲು: ಲಿಲ್‌ಗನ್, ಎಚ್110, 2400, 4227, ಅಕ್ಯುರೇಟ್ 1680, ವಿಹ್ಟಾವುವೊರಿ ಎನ್110. ಹಗುರ ಗುಂಡಿಗೆ ನನ್ನ ಮೊದಲ ಆಯ್ಕೆ ಲಿಲ್‌ಗನ್. ಹಾಡ್ಗ್‌ಡನ್ ಕಂಪನಿ ಇದನ್ನು ತಂದದ್ದು .410 ಶಾಟ್‌ಗನ್ ತೋಟಾಕ್ಕೆಂದು. ಹಾರ್ನೆಟ್‌ಗೆ ಅದು ಒಗ್ಗಿದ್ದು ಹೆಚ್ಚುವರಿ ಭಾಗ್ಯ. ಕಡಿಮೆ ಒತ್ತಡದಲ್ಲೇ ಒಳ್ಳೆಯ ವೇಗ ಕೊಡುತ್ತದೆ, ಸಣ್ಣ ಕಾಳಾದ್ದರಿಂದ ಅಳತೆಯ ಯಂತ್ರದಲ್ಲಿ ಸಲೀಸಾಗಿ ಇಳಿಯುತ್ತದೆ, ಕೇಸನ್ನು ಕುತ್ತಿಗೆಯವರೆಗೆ ತುಂಬುತ್ತದೆ. ಈ ಕೊನೆಯದು ಸಣ್ಣ ಗುಣವಲ್ಲ: ಮೈಮರೆತು ಎರಡು ಸಲ ಸುರಿದರೆ ಮದ್ದು ಹೊರಚೆಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ವೇಗ ತಗ್ಗಿಸಲೆಂದು ಪಿಸ್ತೂಲಿನ ಅತಿವೇಗದ ಮದ್ದನ್ನು ಚಿಟಿಕೆಯಷ್ಟು ಹಾಕುವವರಿಗೆ ಈ ಕಾವಲು ಇಲ್ಲ.

ಎಚ್110 ಬಗ್ಗೆ ಎಚ್ಚರಿಕೆ ಬೇರೆ ಥರದ್ದು. ಅದನ್ನು ಕಡಿಮೆ ಹಾಕುವುದೇ ಅಪಾಯ. ಪ್ರಕಟಿತ ಅಳತೆಗಿಂತ ಶೇ 3ಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ತಯಾರಕರೇ ಹೇಳುತ್ತಾರೆ. ಖಾಲಿ ಜಾಗ ಉಳಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ಬ್ಯಾರೆಲ್ ನಡುವೆಯೇ ಸಿಕ್ಕಿಕೊಳ್ಳಬಹುದು. ಆಗ ಬರುವುದು ಢಂ ಅಲ್ಲ, ಪುಸ್ ಎಂಬ ಸದ್ದು. ಆ ಸದ್ದು ಕೇಳಿದ ಮೇಲೆ ಬೋಲ್ಟ್ ತೆಗೆದು ಬ್ಯಾರೆಲ್‌ನಲ್ಲಿ ಬೆಳಕು ನೋಡದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ, ಒಡೆಯಲೂಬಹುದು. 2400 ಮತ್ತು 4227 ಈ ವಿಷಯದಲ್ಲಿ ಸೌಮ್ಯ, 45 ಗ್ರೇನ್ ಗುಂಡಿಗೆ ಚೆನ್ನಾಗಿ ಹೊಂದುತ್ತವೆ. ಮಸಿ ಸ್ವಲ್ಪ ಜಾಸ್ತಿ.

ಮದ್ದಿನ ತೂಕಗಳನ್ನು ಈ ಪತ್ರದಲ್ಲಿ ಬೇಕೆಂದೇ ಕೊಟ್ಟಿಲ್ಲ. ಪತ್ರಿಕೆಯಲ್ಲಿ ಒಂದು ದಶಮಾಂಶ ಬಿಂದು ಜಾರಿದರೆ ಯಾರದೋ ಕಣ್ಣು ಹೋದೀತು. ಹಾಡ್ಗ್‌ಡನ್, ಹಾರ್ನಡಿ, ಸಿಯೆರಾಗಳ ಈಗಿನ ಕೈಪಿಡಿಗಳಲ್ಲಿ ಅದೇ ಗುಂಡು, ಅದೇ ಮದ್ದು, ಅದೇ ಪ್ರೈಮರ್‌ನ (ಮದ್ದಿಗೆ ಕಿಡಿ ಕೊಡುವ, ತಳದ ಪುಟ್ಟ ಬಟ್ಟಲು) ಸಾಲು ಹುಡುಕಿ, ಕನಿಷ್ಠ ಅಳತೆಯಿಂದ ಶುರು ಮಾಡಿ. ದೊಡ್ಡ .30-06 ಕೇಸಿನಲ್ಲಿ 50 ಗ್ರೇನ್ ಮದ್ದಿರುವಾಗ 0.3 ಗ್ರೇನ್ ಹೆಚ್ಚಾದರೆ ಶೇ 0.6ರ ವ್ಯತ್ಯಾಸ. ಹನ್ನೆರಡು ಗ್ರೇನ್ ಹಿಡಿಯುವ ಹಾರ್ನೆಟ್‌ನಲ್ಲಿ ಅದೇ 0.3 ಗ್ರೇನ್ ಶೇ 2.5. ಆದ್ದರಿಂದ ಏರಿಸುವ ಮೆಟ್ಟಿಲು 0.2 ಗ್ರೇನ್ ಮೀರಬಾರದು, ಪ್ರತಿ ತೋಟಾದ ಮದ್ದನ್ನೂ ತಕ್ಕಡಿಯಲ್ಲಿ ತೂಗಬೇಕು. ಪ್ರತಿ ಮೆಟ್ಟಿಲಿಗೂ ಐದೈದು ಗುಂಡು ನೂರು ಗಜದಲ್ಲಿ ಹೊಡೆದು ನೋಡಿ. ಚಪ್ಪಟೆಯಾದ ಪ್ರೈಮರ್ ಒಂದನ್ನೇ ಒತ್ತಡದ ಸೂಚನೆ ಎಂದು ನಂಬಬೇಡಿ. ಬೋಲ್ಟ್ ಬಿಗಿಯಾಗಿ ಏಳುವುದು, ಪ್ರೈಮರ್ ಗೂಡು ಸಡಿಲವಾಗುವುದು ಕಂಡರೆ ಆಗಲೇ ಮಿತಿ ದಾಟಿದ್ದೀರಿ.

ಪ್ರೈಮರ್ ವಿಷಯದಲ್ಲಿ ಹಾರ್ನೆಟ್‌ಗೆ ಒಂದು ವಿಚಿತ್ರವಿದೆ. ಸ್ಮಾಲ್ ರೈಫಲ್ ಪ್ರೈಮರ್‌ನ ಜೋರಿಗೆ, ಮದ್ದು ಸರಿಯಾಗಿ ಹೊತ್ತುವ ಮೊದಲೇ ಗುಂಡು ತೆಳು ಕುತ್ತಿಗೆಯಿಂದ ಮುಂದಕ್ಕೆ ಸರಿದುಬಿಡುತ್ತದೆ, ವೇಗ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಅಳತೆಯಲ್ಲಿ ಅದೇ ಗೂಡಿಗೆ ಕೂರುವ ಸ್ಮಾಲ್ ಪಿಸ್ತೂಲ್ ಪ್ರೈಮರ್ ಮೃದು. ಹಲವರ ರೈಫಲ್‌ನಲ್ಲಿ ಅದರಿಂದ ಗುರಿಹಲಗೆಯ ಮೇಲಿನ ತೂತುಗಳ ಗುಂಪು ಚಿಕ್ಕದಾಗಿದೆ. ಆದರೆ ಅದರ ಬಟ್ಟಲು ತೆಳು. ಪೂರ್ಣ ಒತ್ತಡದ ತೋಟಾದಲ್ಲಿ ತೂತಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು, ಪಿನ್ನಿನ ತುದಿ ಸವೆಯಬಹುದು. ಕೈಪಿಡಿಯ ಸಾಲಿನಲ್ಲಿ ಪಿಸ್ತೂಲ್ ಪ್ರೈಮರ್ ಎಂದು ಬರೆದಿದ್ದರೆ ಮಾತ್ರ ಹಾಕಿ.

ಕೇಸು ತೋಟಾಕೊಠಡಿಯಲ್ಲಿ ನಿಲ್ಲುವುದು ತಳದ ಅಂಚಿನ ಮೇಲೆ, ಹೆಗಲಿನ ಮೇಲಲ್ಲ. ಹಾಗಾಗಿ ಪ್ರತಿ ಸಲ ಇಡೀ ಕೇಸನ್ನು ಡೈನಲ್ಲಿ (ಅದನ್ನು ಮತ್ತೆ ಅಳತೆಗೆ ತರುವ ಅಚ್ಚು) ಒತ್ತಿದರೆ ಹೆಗಲು ಹಿಂದಕ್ಕೆ ಹೋಗುತ್ತದೆ, ಹೊಡೆದಾಗ ಮತ್ತೆ ಮುಂದಕ್ಕೆ ಹಿಗ್ಗುತ್ತದೆ. ಕೆಲವು ಸಲ ತುಂಬಿ ಹೊಡೆಯುವಷ್ಟರಲ್ಲೇ ಅಂಚಿನ ಸ್ವಲ್ಪ ಮೇಲೆ ಗೋಡೆ ಸವೆದು ಕೇಸು ಎರಡು ತುಂಡಾಗುತ್ತದೆ. ಸಣ್ಣ ತಂತಿಯ ತುದಿ ಬಗ್ಗಿಸಿ ಕೇಸಿನೊಳಗೆ ತಳದಿಂದ ಮೇಲಕ್ಕೆ ಎಳೆದು ನೋಡಿ. ತುದಿ ತೋಡಿಗೆ ಸಿಕ್ಕಂತಾದರೆ ಆ ಕೇಸು ಕಸಕ್ಕೆ. ಒಮ್ಮೆ ನಿಮ್ಮದೇ ರೈಫಲ್‌ನಲ್ಲಿ ಹೊಡೆದ ಕೇಸಿಗೆ ಕುತ್ತಿಗೆಯನ್ನು ಮಾತ್ರ ಒತ್ತುವ ಡೈ ಸಾಕು. ಉದ್ದ 1.403 ಇಂಚು ಮೀರಿದರೆ 1.393ಕ್ಕೆ ಕತ್ತರಿಸಿ, ಬಾಯಿಯ ಒಳ ಅಂಚನ್ನು ಹದವಾಗಿ ಹೆರೆಯಿರಿ. ಚಪ್ಪಟೆ ತಳದ ಗುಂಡನ್ನು ಹೆರೆಯದ ಬಾಯಿಗೆ ಒತ್ತಿದರೆ ಕುತ್ತಿಗೆ ಮಡಿಚಿಕೊಳ್ಳುತ್ತದೆ. ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸುವ ಎಂ ಡೈ ಬಳಸಿದರೆ ಈ ಕಿರಿಕಿರಿ ತಪ್ಪುತ್ತದೆ.

ಕೊನೆಗೆ ಊರಿನ ಓದುಗರಿಗೆ, ವಿಶೇಷವಾಗಿ ಕೊಡಗು, ಮಲೆನಾಡಿನವರಿಗೆ ಎರಡು ಮಾತು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಕೆಗೆ ಅದು ಅನ್ವಯಿಸುವುದಿಲ್ಲ. ಇನ್ನು ಕಾಡುಹಂದಿಗೆ ಹಾರ್ನೆಟ್ ಆಗುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಉತ್ತರ ಇಲ್ಲ ಎಂದೇ. ಅಳಿಲಿನ ಮೇಲೆ ಚೂರಾಗಲೆಂದು ಮಾಡಿದ 40 ಗ್ರೇನ್ ಗುಂಡು ಗಂಡುಹಂದಿಯ ಭುಜದ ದಪ್ಪ ಚರ್ಮದಲ್ಲೇ ಒಡೆದುಹೋಗುತ್ತದೆ, ಗಾಯಗೊಂಡ ಹಂದಿ ಕಾಫಿ ಗಿಡಗಳ ನಡುವೆ ಜೀವಂತ ಉಳಿದಿರುತ್ತದೆ.

– ಓದುಗ
ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ