ಸೂಜಿಗೆ ಹೆದರುವ ಮಂಜುಗೆ

ಮಂಜು,

ಸೊಂಟನೋವಿಗೆ ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಮಾಡಿಸಲಾ ಬೇಡವಾ ಎಂದು ಕೇಳಿದ್ದೆಯಲ್ಲ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದರೆ ನಿನಗೆ ಸಮಾಧಾನವಾಗುವುದಿಲ್ಲ, ಗೊತ್ತು. ಅದಕ್ಕೇ ಈ ಪತ್ರ. ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಇನ್ನೂ ಇದ್ದಾರೆ, ಅವರೂ ಓದಲಿ.

ಮೊದಲು ಸೂಜಿ ವಿಷಯ. ನಿನ್ನ ತಲೆಯಲ್ಲಿರುವುದು ಇಂಜೆಕ್ಷನ್ ಸೂಜಿ. ಔಷಧಿ ಹರಿಯಲು ಅದರೊಳಗೆ ತೂತಿರಬೇಕು, ಹಾಗಾಗಿ ದಪ್ಪ. ಅಕ್ಯುಪಂಕ್ಚರ್ ಸೂಜಿಗೆ ತೂತೇ ಇಲ್ಲ, ಹೆಚ್ಚೆಂದರೆ ಕಾಲು ಮಿಲಿಮೀಟರ್ ಆಸುಪಾಸಿನ ತೆಳು ತಂತಿ, ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲಿಟ್ಟು, ಮೇಲೆ ತುಸು ಇಣುಕುವ ಸೂಜಿಯ ತಲೆಯನ್ನು ಟಕ್ ಎಂದು ತಟ್ಟುತ್ತಾರೆ. ಎಷ್ಟೋ ಸಲ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಮೇಲೆ, ಕೊಳವೆ ತೆಗೆದು ಸೂಜಿಯನ್ನು ಒಳಗಿಳಿಸಿ ಸ್ವಲ್ಪ ತಿರುಗಿಸುವಾಗ: ಒಂಥರಾ ಭಾರ, ಜೋಮು, ಒಳಗೊಳಗೇ ಮಂದ ನೋವು. ಚೀನೀಯರು ಇದಕ್ಕೆ ‘ದ ಚಿ’ ಎನ್ನುತ್ತಾರೆ, ಇದು ಬಂದರೆ ಸರಿಯಾದ ಜಾಗಕ್ಕೆ ಬಿತ್ತು ಎಂದು ಅವರ ಲೆಕ್ಕ. ಆದರೆ ಕರೆಂಟ್ ಹೊಡೆದ ಹಾಗೆ ಚುರ್ ಎಂದರೆ ಹಲ್ಲು ಕಚ್ಚಿಕೊಂಡು ಮಲಗಬೇಡ, ತಕ್ಷಣ ಹೇಳು. ನರಕ್ಕೆ ತಗುಲಿರಬಹುದು, ಹಿಂದಕ್ಕೆ ತೆಗೆಯುತ್ತಾರೆ.

ನೋವು ಸೊಂಟದಲ್ಲಿ, ಸೂಜಿ ಮಂಡಿಯ ಹಿಂದೆ, ಕಣಕಾಲಿನ ಪಕ್ಕ. ಗಾಬರಿಯಾಗಬೇಡ, ಅವರ ಪದ್ಧತಿಯೇ ಹಾಗೆ, ಮೈಮೇಲೆ ಗೊತ್ತುಮಾಡಿದ ಬಿಂದುಗಳಿಗೇ ಚುಚ್ಚುತ್ತಾರೆ. ಮೊದಲ ದಿನ ನಿದ್ದೆ, ಹಸಿವು ಎಲ್ಲ ವಿಚಾರಿಸಿ ನಾಲಿಗೆ ನೋಡಿ ನಾಡಿ ಹಿಡಿಯುತ್ತಾರೆ. ಆಮೇಲೆ ಬೋರಲು ಮಲಗಿಸಿ, ಸೂಜಿ ಹಾಕಿ, 20–30 ನಿಮಿಷ ಬಿಟ್ಟುಬಿಡುತ್ತಾರೆ. ಗೊರಕೆ ಹೊಡೆಯುವವರೂ ಇದ್ದಾರೆ!

ಈಗ ಅಸಲು ಪ್ರಶ್ನೆ, ವಾಸಿಯಾಗುತ್ತಾ? ಜರ್ಮನಿಯಲ್ಲಿ ಸೊಂಟನೋವಿನ 1,162 ಜನರ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಗುಂಪಿನಲ್ಲಿ ಆರು ತಿಂಗಳಾದ ಮೇಲೆ ಸುಧಾರಿಸಿದವರು ಶೇ. 27ರಷ್ಟು, ಸೂಜಿ ಹಾಕಿಸಿಕೊಂಡವರಲ್ಲಿ ಶೇ. 48ರ ಹತ್ತಿರ. ಆಹಾ ಎನ್ನಬೇಡ, ತಮಾಷೆ ಮುಂದಿದೆ. ಬಿಂದುವಲ್ಲದ ಕಡೆ ಸುಮ್ನೆ ಮೇಲೆಮೇಲೆ ಚುಚ್ಚಿದ ಮೂರನೇ ಗುಂಪಿನಲ್ಲೂ ಶೇ. 44 ಜನ ಸುಧಾರಿಸಿದ್ದರು. ಅಂದರೆ ಆರಾಮ ಸಿಕ್ಕಿದ್ದು ನಿಜ, ಆ ಬಿಂದುಗಳಿಂದಲೇ ಸಿಕ್ಕಿತು ಎನ್ನುವುದು ಕಷ್ಟ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದನ್ನು ಕೊಡಬೇಡಿ ಎಂದೇ ಹೇಳಿತು. ನನ್ನ ಕೇಳಿದರೆ, ನೋವು ಕಮ್ಮಿಯಾಗಿ ನಾಲ್ಕು ಹೆಜ್ಜೆ ಜಾಸ್ತಿ ನಡೆಯುವಂತಾದರೆ ಅದೇ ಲಾಭ, ಆ ಲಾಭ ಬೇಕಿದ್ದರೆ ಹೋಗು. ಜರುಗಿದ ಡಿಸ್ಕನ್ನು ಸೂಜಿಯಿಂದ ವಾಪಸ್ ಕೂರಿಸುತ್ತೇವೆ ಎಂದರೆ ಮಾತ್ರ ಚಪ್ಪಲಿ ಹಾಕಿಕೊಂಡು ಹೊರಡು.

ಕಾಲಲ್ಲಿ ಶಕ್ತಿ ಕಮ್ಮಿಯಾಗಿದ್ದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಸೂಜಿಯ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಓಡು.

ಹೋಗುವುದಾದರೆ ತಿಂಡಿ ತಿಂದು ಹೋಗು, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಬಿದ್ದವರಿದ್ದಾರೆ. ಸಡಿಲ ಬಟ್ಟೆ ಹಾಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳು. ನಿನ್ನ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆಯಬೇಕು, ಒಮ್ಮೆ ಬಳಸಿದ ಸೂಜಿ ಬಿಸಾಡುವ ಡಬ್ಬಿಗೆ ಹೋಗಬೇಕು. ಮರುದಿನ ಸಣ್ಣ ನೀಲಿ ಕಲೆ ಕಂಡರೆ ಹೆದರಬೇಡ. ಬೆನ್ನಿನ ಮೇಲ್ಭಾಗಕ್ಕೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವುದೂ ಉಂಟು, ತೀರಾ ಅಪರೂಪ ನಿಜ, ಆದರೆ ಕೈ ಪಳಗಿದವರ ಹತ್ತಿರವೇ ಹೋಗಬೇಕು ಎನ್ನುವುದು ಅದಕ್ಕೇ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಚಿಕಿತ್ಸಾ ಪದ್ಧತಿ ಎಂದು ಒಪ್ಪಿದೆ, ಆದರೂ ಎಲ್ಲಿ ಕಲಿತಿರಿ ಎಂದು ಬಾಯಿಬಿಟ್ಟು ಕೇಳು, ಸಂಕೋಚ ಬೇಡ ಮಾರಾಯ.

ಹತ್ತು ಸಲದ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಿ ಎಂದರೆ ಕಟ್ಟಬೇಡ. ಒಂದೊಂದು ಸಲಕ್ಕೆ ಕೊಡುತ್ತಾ ಹೋಗು. ನಾಲ್ಕೈದು ಸಲದಲ್ಲಿ ಏನೂ ಅನಿಸದಿದ್ದರೆ ಬಿಟ್ಟುಬಿಡು. ಡಾಕ್ಟರು ಹೇಳಿದ ವ್ಯಾಯಾಮ ಮಾತ್ರ ಬಿಡಬೇಡ, ನೀನು ಬಿಡುವವನೇ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಇಂತಿ ನಿನ್ನ ಗೆಳೆಯ