ಅಜ್ಜಿಯ ಆಲೆಮನೆ ಚಿತ್ರದ ಬಗ್ಗೆ

ಮಂಡ್ಯ

ಪ್ರೀತಿಯ ಪುಟ್ಟಿ,

ಮೈಸೂರಿನಿಂದ ನೀನು ಕಳಿಸಿದ ಲೇಖನ ಓದಿದೆ. ಅಜ್ಜಿ ಬರೆದ ಚಿತ್ರಗಳ ಫೋಟೋಗಳನ್ನೂ ನೋಡಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಚಿತ್ರಗಳು ತುಂಬ ಚೆನ್ನಾಗಿವೆ, ಲೇಖನ ಇನ್ನೂ ಅಷ್ಟು ಚೆನ್ನಾಗಿಲ್ಲ.

ಮೊದಲ ಪುಟದ ತುಂಬ ಅಜ್ಜಿಯ ವಯಸ್ಸೇ ಇದೆ. ಎಪ್ಪತ್ತು ದಾಟಿದ ಮೇಲೆ ಬ್ರಷ್ ಹಿಡಿದರು, ಕಲಿಯೋಕೆ ವಯಸ್ಸು ಅಡ್ಡಿಯಲ್ಲ, ಇತ್ಯಾದಿ. ಆ ಪುಟವನ್ನು ಪೂರ್ತಿ ಹೊಡೆದುಹಾಕು. ಅದು ಯಾವ ಅಜ್ಜಿಗೆ ಬೇಕಾದರೂ ಒಪ್ಪುವ ಮಾತು. ನಿಮ್ಮಜ್ಜಿ ಅದರಲ್ಲಿ ಎಲ್ಲಿದ್ದಾರೆ?

ನೀನೇ ಹೆಸರೆತ್ತಿದ ಅಮೆರಿಕದ ಚಿತ್ರಗಾರ್ತಿ ಗ್ರ್ಯಾಂಡ್‌ಮಾ ಮೋಸೆಸ್ ವಿಷಯಕ್ಕೆ ಬರೋಣ. ಆಕೆ ಹುಟ್ಟಿದ್ದು 1860ರಲ್ಲಿ, ಜೀವನವೆಲ್ಲ ಕಳೆದದ್ದು ಹೊಲ ಮನೆ ಕೆಲಸದಲ್ಲಿ. 1940ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು ಅಂತ ಬರೆದು ನೀನು ಮುಂದೆ ಹೋಗಿಬಿಟ್ಟೆ. ಅದಕ್ಕಿಂತ ಮೊದಲಿನ ಕಥೆ ನೋಡು. ಆಕೆ ಉಲ್ಲನ್ ದಾರದಲ್ಲಿ ಚಿತ್ರ ಹೊಲಿಯುತ್ತಿದ್ದರು. ಸಂಧಿವಾತ ಬಂದು ಸೂಜಿ ಹಿಡಿಯೋದು ಕಷ್ಟವಾಯಿತು, ಬಣ್ಣಕ್ಕೆ ತಿರುಗಿದರು. ಅಂದರೆ ಕೈ ಮೊದಲೇ ಪಳಗಿತ್ತು. ನಿಮ್ಮಜ್ಜಿಯೂ ಅರವತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ಇಟ್ಟು ರಂಗೋಲಿ ಹಾಕಿದವರು ತಾನೆ? ಅದರ ಬಗ್ಗೆ ನಿನ್ನ ಲೇಖನದಲ್ಲಿ ಒಂದು ಸಾಲೂ ಇಲ್ಲ. ‘ಇದ್ದಕ್ಕಿದ್ದ ಹಾಗೆ ಅರಳಿದ ಪ್ರತಿಭೆ’ ಅಂತ ಬರೆದಿದ್ದೀಯ. ನನಗೇನೋ ಹಾಗೆ ಅನ್ನಿಸಲಿಲ್ಲ.

ಮೋಸೆಸ್ ಮೇಪಲ್ ಮರದ ರಸ ಇಳಿಸಿ, ಕಾಯಿಸಿ, ಸಕ್ಕರೆ ಮಾಡುವ ದೃಶ್ಯವನ್ನು ಮತ್ತೆ ಮತ್ತೆ ಬರೆದರು. ರಸ ಹೊತ್ತು ತರುವವರು, ಬೆಂಕಿಯ ಮೇಲೆ ಕಡಾಯಿ, ಸುತ್ತ ಮಕ್ಕಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಮ ಒಂದು ಬಿಟ್ಟರೆ ಅದು ಆಲೆಮನೆಯೇ.

ಈಗ ಅಜ್ಜಿಯ ಆಲೆಮನೆ ಚಿತ್ರಕ್ಕೆ ಬರುತ್ತೇನೆ. ಗಾಣ ಸುತ್ತುವ ಎತ್ತುಗಳಿಗಿಂತ ಕೊಪ್ಪರಿಗೆ ದೊಡ್ಡದಾಗಿದೆ. ಅಜ್ಜಿಗೆ ಅಳತೆ ಗೊತ್ತಾಗಲ್ಲ ಅಂತ ನೀನು ಅವರ ಪರವಾಗಿ ಕ್ಷಮೆ ಕೇಳಿದ ಹಾಗೆ ಬರೆದಿದ್ದೀಯ. ಯಾಕಮ್ಮಾ? ಆರು ವರ್ಷದ ಹುಡುಗಿಯಾಗಿದ್ದ ಅಜ್ಜಿಯನ್ನು ಆ ಕೊಪ್ಪರಿಗೆ ಹತ್ತಿರ ಯಾರೂ ಬಿಟ್ಟಿರಲ್ಲ. ಕುದಿಯುವ ಕಬ್ಬಿನ ಹಾಲು ಮೈಮೇಲೆ ಬಿದ್ದರೆ ಚರ್ಮವೇ ಕಿತ್ತು ಬರುತ್ತದೆ. ‘ದೂರ ಹೋಗು’ ಅಂತ ಎಲ್ಲರೂ ಗದರಿದ ವಸ್ತು ದೊಡ್ಡದಾಗಿಯೇ ಕಾಣಬೇಕು. ಮೂಲೆಯಲ್ಲಿ ಒಬ್ಬ ಹುಡುಗಿ ಕಬ್ಬಿನ ತುಂಡಿನ ತುದಿಗೆ ಬಿಸಿ ಬೆಲ್ಲ ಅಂಟಿಸಿಕೊಂಡು ನಿಂತಿದ್ದಾಳೆ. ಅವಳ ಇನ್ನೊಂದು ಕೈ ಬೆನ್ನ ಹಿಂದಿದೆ. ಅಲ್ಲಿ ಏನು ಬಚ್ಚಿಟ್ಟಿದ್ದಾಳೆ? ಕೇಳಿದೆಯಾ?

ಕೇಳೋದೂ ಒಂದು ಕೆಲಸ. ಪೋಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ 1916ರಲ್ಲಿ ಹುಟ್ಟಿದ ಮೇಯರ್ ಕಿರ್ಶನ್‌ಬ್ಲಾಟ್ ಅಂತ ಒಬ್ಬರಿದ್ದರು. 1934ರಲ್ಲಿ ಕೆನಡಾಕ್ಕೆ ಹೋದರು. ಆಮೇಲೆ ಯುದ್ಧದಲ್ಲಿ ಅವರ ಊರಿನ ಯಹೂದಿಗಳ ಬದುಕೇ ನಾಶವಾಯಿತು. 73ನೇ ವಯಸ್ಸಿನಲ್ಲಿ ಅವರು ನೆನಪಿನಿಂದಲೇ ಆ ಊರನ್ನು ಬರೆಯತೊಡಗಿದರು. ಆದರೆ ಅವರ ಮಗಳು 1967ರಿಂದಲೇ ಅಪ್ಪನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾ ಬಂದಿದ್ದಳು. ಮಾತು ಮೊದಲು, ಬಣ್ಣ ಆಮೇಲೆ.

‘ಆಗ ನಿಮಗೆ ಹೇಗನ್ನಿಸಿತು ಅಜ್ಜಿ’ ಅಂತ ಕೇಳಿದರೆ ‘ಚೆನ್ನಾಗಿತ್ತು ಕಣೇ’ ಅಂತಾರೆ, ಅಷ್ಟೇ. ಕೆಲಸದ ಬಗ್ಗೆ ಕೇಳು. ಹಾಲಿಗೆ ಸುಣ್ಣ ಹಾಕುತ್ತಿದ್ದವರು ಯಾರು? ನೊರೆ ತೆಗೆದು ಎಲ್ಲಿ ಸುರಿಯುತ್ತಿದ್ದರು? ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದವರಿಗೆ ಕೂಲಿ ದುಡ್ಡಿನಲ್ಲೋ ಬೆಲ್ಲದಲ್ಲೋ? ಪಾಕ ಬಂತು ಅಂತ ನೀರಿಗೆ ಬಿಟ್ಟು ನೋಡುತ್ತಿದ್ದವರು ಒಬ್ಬರೇನಾ, ಅವರ ಮಾತೇ ಕೊನೆಯಾ? ಹೀಗೆ ಕೇಳುತ್ತಾ ಹೋದರೆ ಜನ ಒಬ್ಬೊಬ್ಬರಾಗಿ ಬರುತ್ತಾರೆ. ನಾಲೆ ನೀರು ಬರುವ ಮೊದಲು ಅವರ ಹೊಲದಲ್ಲಿ ಏನು ಬೆಳೆಯುತ್ತಿದ್ದರು, ಅಜ್ಜಿಯ ಅಮ್ಮ ಏನು ಹೇಳುತ್ತಿದ್ದರು ಅಂತಲೂ ಕೇಳು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಕಾರ್ಖಾನೆ ಇದ್ದರೂ ಅವರ ಮನೆಯ ಕಬ್ಬು ಗಾಣಕ್ಕೆ ಯಾಕೆ ಹೋಯಿತು? ಉತ್ತರ ಅವರ ಹತ್ತಿರ ಇರಬಹುದು.

ಚಿತ್ರದಲ್ಲಿ ಇಲ್ಲದ್ದನ್ನೂ ನೋಡು. ಮೋಸೆಸ್ ಹೆತ್ತ ಹತ್ತು ಮಕ್ಕಳಲ್ಲಿ ಐದು ಕೂಸುಗಳಾಗಿದ್ದಾಗಲೇ ತೀರಿಹೋದವು. ಅವರ ಚಿತ್ರಗಳಲ್ಲಿ ಮಾತ್ರ ಎಲ್ಲರೂ ಓಡಾಡಿಕೊಂಡು ಖುಷಿಯಾಗಿದ್ದಾರೆ. ಅಜ್ಜಿಯ ತಮ್ಮನ ಬೆರಳು ಗಾಣಕ್ಕೆ ಸಿಕ್ಕಿದ ಸಂಗತಿಯನ್ನು ನೀನು ಒಂದೇ ಸಾಲಿನಲ್ಲಿ, ಅದೂ ಕಂಸದೊಳಗೆ ಹೇಳಿದ್ದೀಯ. ಚಿತ್ರದಲ್ಲಿ ಆ ತಮ್ಮ ಇಲ್ಲವೇ ಇಲ್ಲ. ಅಜ್ಜಿಯೇ ಬಿಟ್ಟಿದ್ದಾರೆ ಅಂದರೆ ಅವರನ್ನು ಕೇಳದೆ ನೀನು ಬರೆಯಬಾರದು. ಬೇಡ ಅಂದರೆ ಆ ಸಾಲು ತೆಗೆ. ಆಗಲಿ ಅಂದರೆ ಕಂಸದಿಂದ ಹೊರಗೆ ತಂದು ಪೂರ್ತಿ ಬರೆ. ಅರ್ಧಂಬರ್ಧ ಮಾತ್ರ ಬೇಡ.

ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳ ಜೊತೆ ಹೋಲಿಕೆ ಸುಮ್ನೆ ಜಾಸ್ತಿ ಆಯಿತು. ಅಜ್ಜಿಯೇ ನಗುತ್ತಾರೆ.

ಲೇಖನ ತಿದ್ದೋದಕ್ಕೆ ಆತುರವಿಲ್ಲ, ಸಂಕ್ರಾಂತಿ ಕಳೆದ ಮೇಲೆ ಕಳಿಸಿದರೂ ಸಾಕು. ಆದರೆ ಅಜ್ಜಿಯ ಹತ್ತಿರ ಮಾತು ಈ ಭಾನುವಾರವೇ ಶುರು ಮಾಡು. ಚಿತ್ರವನ್ನು ಎದುರಿಗೆ ಇಟ್ಟುಕೊಂಡು ಕೂರು. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಮಧ್ಯೆ ಬಾಯಿ ಹಾಕಬೇಡ. ಟಿವಿ ಆರಿಸಿಬಿಡು.

ನಿನ್ನ ಮೇಷ್ಟ್ರು